ಇಂಗ್ಲಿಷ್ ಪಾಠದ ನೀತಿಯಲ್ಲಿ ವಿದ್ಯಾರ್ಥಿಗಳ ಮಾತು: ತರಗತಿಯಿಂದ ಬಿಇಒ ಕಚೇರಿಯವರೆಗೆ

ಇಂಗ್ಲಿಷ್ ಯಾವ ತರಗತಿಯಿಂದ ಬೇಕು, ಯಾವ ಮಾಧ್ಯಮದಲ್ಲಿ ಓದಬೇಕು ಎಂಬ ಚರ್ಚೆ ಕರ್ನಾಟಕದಲ್ಲಿ ನಾಲ್ಕು ದಶಕ ದಾಟಿದೆ. 1982ರಲ್ಲಿ ಗೋಕಾಕ್ ಚಳವಳಿ ನಡೆಯಿತು, 1994ರಲ್ಲಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವೆನ್ನುವ ಭಾಷಾ ನೀತಿಯ ಆದೇಶ ಬಂತು. 2007ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಶುರುವಾಯಿತು. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದರು. ಇಷ್ಟೆಲ್ಲದರಲ್ಲಿ ಮಾತಾಡಿದವರು ಸಾಹಿತಿಗಳು, ಸಂಘಟನೆಗಳು, ಆಡಳಿತ ಮಂಡಳಿಗಳು, ಪಾಲಕರ ಸಂಘಗಳು, ವಕೀಲರು. ಬೆಂಚಿನ ಮೇಲೆ ಕೂತು ಆ ಪಾಠ ಕೇಳುವವರ ಮಾತು ಅಲ್ಲಿ ಬಹಳ ಕಡಿಮೆ.

ಹಾಗಂತ ಅವರ ಮಾತಿಗೆ ಕಾನೂನಿನಲ್ಲಿ ನೆಲೆ ಇಲ್ಲವೆಂದಲ್ಲ. ಭಾರತ 1992ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯು ಮಗುವಿಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಅಭಿಪ್ರಾಯ ಕೇಳಬೇಕು, ಅದಕ್ಕೆ ತೂಕ ಕೊಡಬೇಕು ಎನ್ನುತ್ತದೆ. 1994ರ ಆದೇಶದ ವಿವಾದದಲ್ಲಿ 2014ರ ಮೇ 6ರಂದು ತೀರ್ಪು ಕೊಟ್ಟ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಪ್ರಾಥಮಿಕ ಹಂತದ ಮಾಧ್ಯಮವನ್ನು ಆರಿಸಿಕೊಳ್ಳುವ ಹಕ್ಕು ಮಗುವಿನದು, ಮಗುವಿನ ಪರವಾಗಿ ಪಾಲಕರದು ಎಂದಿತು. ಹಕ್ಕು ಮೊದಲು ಮಗುವಿನದೇ ಎಂಬುದನ್ನು ನಾವು ಓದುವಾಗ ಹಾರಿಸಿಬಿಡುತ್ತೇವೆ.

ಈ ಲೇಖನ ಕಾರವಾರ, ಶಿರಸಿ ಕಡೆಯ ಹೈಸ್ಕೂಲು ಮತ್ತು ಪಿಯು ವಿದ್ಯಾರ್ಥಿಗಳಿಗೆ, ಅವರ ಜೊತೆ ನಿಲ್ಲಬಯಸುವ ಮಾಸ್ತರರಿಗೆ, ಅಕ್ಕೋರಿಗೆ. ಮೊದಲೇ ಒಂದು ಮಾತು: "ನಮಗೆ ಒಳ್ಳೆ ಇಂಗ್ಲಿಷ್ ಬೇಕು" ಎಂಬ ಮನವಿಯಿಂದ ಏನೂ ಆಗುವುದಿಲ್ಲ. ಎಲ್ಲ ಅಧಿಕಾರಿಗಳೂ ಅದಕ್ಕೆ ತಲೆಯಾಡಿಸುತ್ತಾರೆ, ಕಾಗದ ಕಡತಕ್ಕೆ ಹೋಗುತ್ತದೆ. ತರಗತಿಯೊಳಗೆ ದಿನವೂ ಏನು ನಡೆಯುತ್ತದೆ ಎಂಬ ಲೆಕ್ಕ ಇರುವುದು ವಿದ್ಯಾರ್ಥಿಗಳ ಹತ್ತಿರ ಮಾತ್ರ. ಆ ಲೆಕ್ಕ ಹಿಡಿದುಕೊಂಡು, ತೀರ್ಮಾನ ಮಾಡಬಲ್ಲವರ ಮೇಜಿಗೆ ಹೋದರೆ ಕೆಲಸ ಆಗುತ್ತದೆ.

ಯಾರ ಕೈಯಲ್ಲಿ ಏನಿದೆ

ಬಹಳಷ್ಟು ಮನವಿಗಳು ಬಿದ್ದುಹೋಗುವುದು ತಪ್ಪು ಬಾಗಿಲಿಗೆ ಹೋದದ್ದರಿಂದ. ವೇಳಾಪಟ್ಟಿ, ಗ್ರಂಥಾಲಯದ ಪಿರಿಯಡ್, ಬೆಳಗಿನ ಪ್ರಾರ್ಥನೆಯ ಹೊತ್ತಿನ ಐದು ನಿಮಿಷ, ಇಂಗ್ಲಿಷ್ ಆಂತರಿಕ ಅಂಕವನ್ನು ಯಾವ ಚಟುವಟಿಕೆಗೆ ಕೊಡಬೇಕು ಎಂಬುದು, ಇವೆಲ್ಲ ಮುಖ್ಯಾಧ್ಯಾಪಕರ ಮತ್ತು ವಿಷಯ ಶಿಕ್ಷಕರ ಕೈಯಲ್ಲೇ ಇವೆ. ಇದಕ್ಕಾಗಿ ಶಿರಸಿಗೋ ಕಾರವಾರಕ್ಕೋ ಹೋಗಬೇಕಿಲ್ಲ. ಕನ್ನಡ ಮಾಧ್ಯಮದ ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆ ಇಂಗ್ಲಿಷಿಗೆ 100 ಅಂಕ: 80 ಬರವಣಿಗೆ, 20 ಆಂತರಿಕ. ಬರವಣಿಗೆಯ ಪತ್ರಿಕೆಯಲ್ಲಿ ಮಾತಿಗೆ ಜಾಗವಿಲ್ಲ. ಮಾತು, ಕೇಳುವಿಕೆಗೆ ಅಂಕ ಸಿಗಬಹುದಾದ ಒಂದೇ ಕಡೆ ಆ 20. ಅದು ಶಾಲೆಯಲ್ಲೇ ತೀರ್ಮಾನವಾಗುತ್ತದೆ. ಅಲ್ಲಿಂದ ಶುರುಮಾಡುವುದು ಜಾಣತನ.

ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ, ಶಾಲೆಯ ಅನುದಾನ, ಪುಸ್ತಕ, ಸ್ಪೀಕರು, ಅತಿಥಿ ಶಿಕ್ಷಕರ ಬೇಡಿಕೆಯ ಬಗ್ಗೆ ನಿರ್ಣಯ ಮಾಡಬಲ್ಲದು. ಗ್ರಾಮ ಪಂಚಾಯತಿಯ ಕೈಯಲ್ಲಿ ಗ್ರಂಥಾಲಯವಿದೆ. ಈಗ ಅದರ ಹೆಸರು ಅರಿವು ಕೇಂದ್ರ, ಮಕ್ಕಳಿಗೆ ಸದಸ್ಯತ್ವ ಉಚಿತ. ಶಿಕ್ಷಕರ ಕೊರತೆ, ನಿಯೋಜನೆ, ಅತಿಥಿ ಶಿಕ್ಷಕರ ಮಂಜೂರಾತಿಗೆ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ. ಅದರ ಮೇಲೆ ಉಪನಿರ್ದೇಶಕರು. ನಮ್ಮ ಉತ್ತರ ಕನ್ನಡ ಒಂದೇ ಕಂದಾಯ ಜಿಲ್ಲೆಯಾದರೂ ಶೈಕ್ಷಣಿಕ ಜಿಲ್ಲೆ ಎರಡು ಎಂಬುದು ನೆನಪಿರಲಿ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದವರು ಕಾರವಾರದ ಉಪನಿರ್ದೇಶಕರಿಗೆ ಬರೆಯಬೇಕು. ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ, ಹಳಿಯಾಳ, ಜೋಯಿಡಾದವರು ಶಿರಸಿಯ ಉಪನಿರ್ದೇಶಕರಿಗೆ. ಜೋಯಿಡಾದ ಮನವಿ ಕಾರವಾರದ ಕಚೇರಿಗೆ ಹೋದರೆ ಅಲ್ಲಿಂದ ತಿರುಗಿ ಬರುವಷ್ಟರಲ್ಲಿ ಅರ್ಧ ವರ್ಷ ಕಳೆದಿರುತ್ತದೆ. ಶಿಕ್ಷಕರ ತರಬೇತಿಯ ವಿಷಯವಾದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಅಂದರೆ ಡಯಟ್. ಪಠ್ಯ, ಪ್ರಶ್ನೆಪತ್ರಿಕೆಯ ಸ್ವರೂಪ, ಮಾಧ್ಯಮ, ಈ ಮೂರು ಮಾತ್ರ ಬೆಂಗಳೂರಿನವು.

ತಂಡ ಕಟ್ಟುವುದು

ಆರರಿಂದ ಎಂಟು ಮಂದಿ ಸಾಕು. ಹೆಚ್ಚಾದರೆ ಕೆಲಸ ಹಂಚಿಹೋಗುತ್ತದೆ, ಯಾರೂ ಮುಗಿಸುವುದಿಲ್ಲ. ಹತ್ತನೇ ತರಗತಿಯವರನ್ನು ಮುಂದೆ ಬಿಡಬೇಡಿ. ಡಿಸೆಂಬರ್ ಬಂತೆಂದರೆ ಅವರಿಗೆ ಸ್ಪೆಷಲ್ ಕ್ಲಾಸು, ಪಾಸಿಂಗ್ ಪ್ಯಾಕೇಜು. ಒಂಬತ್ತನೇ ತರಗತಿಯವರು ಮುಂದಾಳುಗಳಾಗಿರಲಿ, ಎಂಟನೆಯವರು ಇಬ್ಬರು ಜೊತೆಗಿರಲಿ, ಮುಂದಿನ ವರ್ಷ ಅವರೇ ಮುಂದುವರಿಸಬೇಕು.

ತಂಡದಲ್ಲಿ ಇಂಗ್ಲಿಷಿನಲ್ಲಿ ತೊಂಬತ್ತು ತೆಗೆಯುವವರೇ ತುಂಬಿಕೊಂಡರೆ ಕೆಲಸ ಕೆಟ್ಟಿತು. ಅವರಿಗೆ ಕಷ್ಟ ಎಲ್ಲಿದೆ ಎಂಬುದೇ ಕಾಣುವುದಿಲ್ಲ. ಕನಿಷ್ಠ ಇಬ್ಬರು ಇಂಗ್ಲಿಷಿನಲ್ಲಿ ಕಷ್ಟಪಟ್ಟು ಪಾಸಾಗುವವರಿರಲಿ. ಮನೆಮಾತಿನ ದೃಷ್ಟಿಯಿಂದಲೂ ತಂಡ ಬೆರಕೆಯಾಗಿರಬೇಕು: ಕಾರವಾರದಲ್ಲಿ ಕೊಂಕಣಿ, ಭಟ್ಕಳದಲ್ಲಿ ನವಾಯತಿ, ಅಂಕೋಲಾ ಕಡೆ ಹಾಲಕ್ಕಿ ಕನ್ನಡ, ಘಟ್ಟದ ಮೇಲೆ ಹವ್ಯಕ ಕನ್ನಡ, ಹಳಿಯಾಳದಲ್ಲಿ ಮರಾಠಿ, ಯಲ್ಲಾಪುರದಲ್ಲಿ ಸಿದ್ದಿ ಮಕ್ಕಳು. ಇಂಗ್ಲಿಷ್ ಪಾಠವನ್ನು ಕನ್ನಡದಲ್ಲಿ ವಿವರಿಸಿದಾಗ ಎಲ್ಲರಿಗೂ ಒಂದೇ ಪ್ರಮಾಣದ ಸಹಾಯ ಸಿಗುವುದಿಲ್ಲ. ಶಾಲೆಗೆ ಬಂದ ಮೇಲೆ ಶಿಷ್ಟ ಕನ್ನಡ ಕಲಿತ ಮಗುವಿಗೆ ಇಂಗ್ಲಿಷ್ ಮೂರನೇ ಮಾತು. ನೀತಿ ಮಾಡುವವರಿಗೆ ತಲುಪಬೇಕಾದ ವಿಷಯಗಳಲ್ಲಿ ಇದು ದೊಡ್ಡದು.

ಮುಖ್ಯಾಧ್ಯಾಪಕರ ಅನುಮತಿಯನ್ನು ಬರವಣಿಗೆಯಲ್ಲೇ ತೆಗೆದುಕೊಳ್ಳಿ. ಇಂಗ್ಲಿಷ್ ಹೇಳುವ ಮಾಸ್ತರರನ್ನೋ ಅಕ್ಕೋರನ್ನೋ ಮೊದಲ ದಿನವೇ ಜೊತೆಗೆ ಸೇರಿಸಿಕೊಳ್ಳಿ. ಅವರಿಗೆ ಗೊತ್ತಿಲ್ಲದೆ ಲೆಕ್ಕ ಬರೆದರೆ ಅದು ಅವರ ಮೇಲಿನ ದೂರಾಗುತ್ತದೆ, ಅಲ್ಲಿಗೆ ಎಲ್ಲ ನಿಂತಂತೆ. ಅವರೂ ಒಂದು ವ್ಯವಸ್ಥೆಯೊಳಗೆ ಸಿಕ್ಕಿಕೊಂಡಿರುತ್ತಾರೆ. ಶಿಕ್ಷಣ ಹಕ್ಕು ಕಾಯ್ದೆಯ ಪರಿಶಿಷ್ಟವೇ ಆರರಿಂದ ಎಂಟನೇ ತರಗತಿಗೆ "ಭಾಷೆಗಳಿಗೆ" ಕನಿಷ್ಠ ಒಬ್ಬ ಶಿಕ್ಷಕರು ಎನ್ನುತ್ತದೆ. ಇಂಗ್ಲಿಷಿಗೇ ಒಬ್ಬರು ಎನ್ನುವುದಿಲ್ಲ. ಕನ್ನಡ ಎಂ.ಎ. ಮಾಡಿದವರು ಇಂಗ್ಲಿಷ್ ಹೇಳಬೇಕಾಗಿ ಬಂದರೆ ತಪ್ಪು ಅವರದಲ್ಲ.

ನಿಮಿಷದ ಲೆಕ್ಕ

ಇಡೀ ಕೆಲಸದಲ್ಲಿ ಅತ್ಯಂತ ಬೆಲೆಯುಳ್ಳದ್ದು ಇದು. ಒಂದು ವಾರ, ಒಂದೇ ತರಗತಿಯ ಎಲ್ಲ ಇಂಗ್ಲಿಷ್ ಪಿರಿಯಡ್‌ಗಳಲ್ಲಿ ನಿಮಿಷ ಯಾವುದಕ್ಕೆ ಹೋಯಿತು ಎಂದು ಬರೆಯುವುದು. ಇಬ್ಬರು ಬರೆಯಬೇಕು, ಬೇರೆ ಬೇರೆ ಬೆಂಚಿನಲ್ಲಿ ಕೂತು. ಪಿರಿಯಡ್ ಮುಗಿದ ಮೇಲೆ ಎರಡನ್ನೂ ತಾಳೆ ನೋಡಿ. ವ್ಯತ್ಯಾಸ ಮೂರು ನಿಮಿಷ ದಾಟಿದರೆ ಆ ದಿನದ ಲೆಕ್ಕ ಬಿಡಿ. ನೋಟ್‌ಬುಕ್ಕಿನ ಹಾಳೆಯಲ್ಲಿ ಆರು ಸಾಲು ಎಳೆದರೆ ಸಾಕು. 40 ನಿಮಿಷದ ಒಂದು ಪಿರಿಯಡ್ ತುಂಬಿದ ಮೇಲೆ ಹಾಳೆ ಹೀಗೆ ಕಾಣಬಹುದು:

ಹಾಜರಿ, ಕೂತು ಸಜ್ಜಾಗುವುದು: 4
ಶಿಕ್ಷಕರು ಓದಿ ಕನ್ನಡದಲ್ಲಿ ವಿವರಿಸುವುದು: 19
ಎಲ್ಲರೂ ಒಟ್ಟಿಗೆ ಹೇಳುವುದು: 3
ಬೋರ್ಡಿನಿಂದ ಪ್ರಶ್ನೋತ್ತರ ಬರೆದುಕೊಳ್ಳುವುದು: 12
ವಿದ್ಯಾರ್ಥಿ ತನ್ನದೇ ವಾಕ್ಯ ಇಂಗ್ಲಿಷಿನಲ್ಲಿ ಹೇಳಿದ್ದು: 1
ಇತರೆ: 1

ಐದನೇ ಸಾಲಿಗೆ ಕಟ್ಟುನಿಟ್ಟು ಇರಲಿ. ಪುಸ್ತಕ ನೋಡಿ ಓದಿದ್ದು, ಬಾಯಿಪಾಠ ಒಪ್ಪಿಸಿದ್ದು, "ಯೆಸ್ ಸರ್", "ಮೇ ಐ ಕಮ್ ಇನ್" ಇವು ಲೆಕ್ಕಕ್ಕೆ ಬರುವುದಿಲ್ಲ. ಇನ್ನು ಈ ಉದಾಹರಣೆ ನೋಡಿ: ವಾರದ ಆರು ಪಿರಿಯಡ್‌ಗಳಲ್ಲಿ ಈ ಸಾಲಿನ ಮೊತ್ತ ಏಳು ನಿಮಿಷ, ತರಗತಿಯಲ್ಲಿ 42 ಮಂದಿ. ತಲಾ ಹತ್ತು ಸೆಕೆಂಡು. "ಮಕ್ಕಳಿಗೆ ಇಂಗ್ಲಿಷ್ ಮಾತಾಡಲು ಬರುವುದಿಲ್ಲ" ಎಂದು ಸಭೆಗಳಲ್ಲಿ ನೊಂದುಕೊಳ್ಳುವವರ ಮುಂದೆ ಆ ಹತ್ತು ಸೆಕೆಂಡು ಇಟ್ಟರೆ ಚರ್ಚೆಯ ದಿಕ್ಕೇ ಬದಲಾಗುತ್ತದೆ. ಬೇಡಿಕೆಯೂ ಸ್ಪಷ್ಟವಾಗುತ್ತದೆ: ಪ್ರತಿ ಪಿರಿಯಡ್ಡಿನಲ್ಲಿ ಎಂಟು ನಿಮಿಷ ಜೋಡಿಯಾಗಿ ಮಾತು. ಎಲ್ಲ ಜೋಡಿಗಳೂ ಒಟ್ಟಿಗೆ ಮಾತಾಡುವುದರಿಂದ ತಲಾ ನಾಲ್ಕು ನಿಮಿಷ ಸಿಗುತ್ತದೆ. ಇದಕ್ಕೆ ಹಣ ಬೇಡ, ಆದೇಶ ಬೇಡ.

ಎಚ್ಚರ ವಹಿಸಬೇಕಾದ್ದು ವಾರದ ಆಯ್ಕೆಯಲ್ಲಿ. ಜೂನ್, ಜುಲೈಯಲ್ಲಿ ಕರಾವಳಿಗೆ ರೆಡ್ ಅಲರ್ಟ್ ಬಂದು ರಜೆ ಘೋಷಣೆಯಾಗುತ್ತಲೇ ಇರುತ್ತದೆ; ಪರೀಕ್ಷೆಯ ಹಿಂದಿನ ವಾರ ಬರೀ ಪುನರಾವರ್ತನೆ. ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರಿನ ಒಂದು ಸಾದಾ ವಾರ ಒಳ್ಳೆಯದು.

ನೂರು ಪದದ ಪರೀಕ್ಷೆ

ಪಠ್ಯ ಕಷ್ಟ ಎಂದರೆ ಎಷ್ಟು ಕಷ್ಟ? ಇನ್ನೂ ಪಾಠ ಆಗದ ಒಂದು ಪುಟ ತೆಗೆದುಕೊಳ್ಳಿ. ಮೊದಲ ನೂರು ಪದ ಎಣಿಸಿ ಗೆರೆ ಎಳೆಯಿರಿ. ಪ್ರತಿಯೊಬ್ಬರೂ ತಮಗೆ ಅರ್ಥ ಗೊತ್ತಿಲ್ಲದ ಪದದ ಕೆಳಗೆ ಪೆನ್ಸಿಲಿನಲ್ಲಿ ಅಡಿಗೆರೆ ಹಾಕಲಿ, ಹೆಸರು ಬರೆಯುವುದು ಬೇಡ. ಯಾರ ಸಹಾಯವೂ ಇಲ್ಲದೆ ಸರಾಗವಾಗಿ ಓದಿ ಅರ್ಥಮಾಡಿಕೊಳ್ಳಲು ನೂರಕ್ಕೆ ಸುಮಾರು 98 ಪದ ಗೊತ್ತಿರಬೇಕು; 95ಕ್ಕಿಂತ ಕೆಳಗಿಳಿದರೆ ಊಹಿಸಿ ಓದುವುದೂ ಕಷ್ಟ ಎಂಬುದು ಓದಿನ ಬಗೆಗಿನ ಸಂಶೋಧನೆಯಲ್ಲಿ ಒಪ್ಪಿತವಾದ ಅಂದಾಜು. ನಿಮ್ಮ ತರಗತಿಯ ಅರ್ಧಕ್ಕಿಂತ ಹೆಚ್ಚು ಮಂದಿಗೆ ನೂರರಲ್ಲಿ 20 ಪದ ಗೊತ್ತಿಲ್ಲವಾದರೆ, ಶಿಕ್ಷಕರು ಸಾಲುಸಾಲಾಗಿ ಕನ್ನಡಕ್ಕೆ ತಿರುಗಿಸುವುದು ಯಾಕೆ, ಮಕ್ಕಳು ಗೈಡಿಗೆ ಜೋತುಬೀಳುವುದು ಯಾಕೆ ಎಂಬುದು ತಾನೇ ಗೊತ್ತಾಗುತ್ತದೆ.

ಅಡಿಗೆರೆ ಬಿದ್ದ ಪದಗಳ ಪಟ್ಟಿ ಮಾಡಿ. ಕರ್ನಾಟಕ ಪಠ್ಯಪುಸ್ತಕ ಸಂಘಕ್ಕೆ ಬರೆಯುವಾಗ "ಪಾಠ ಕಠಿಣವಾಗಿದೆ" ಎನ್ನುವ ಬದಲು ತರಗತಿ, ಪಾಠದ ಹೆಸರು, ಪುಟ ಸಂಖ್ಯೆ, ಎಷ್ಟು ಮಂದಿಗೆ ಯಾವ ಪದ ಗೊತ್ತಿಲ್ಲ ಎಂದು ಬರೆಯಿರಿ. ಪಠ್ಯ ಪರಿಷ್ಕರಣೆಗೆ ಕೂತವರಿಗೆ ಉಪಯೋಗವಾಗುವುದು ಅಂಥ ಟಿಪ್ಪಣಿ ಮಾತ್ರ. ಅದೇ ಪಟ್ಟಿಯಿಂದ ಇನ್ನೊಂದು ಬೇಡಿಕೆಯೂ ಹುಟ್ಟುತ್ತದೆ: ಶಾಲಾ ಗ್ರಂಥಾಲಯಕ್ಕೂ ಅರಿವು ಕೇಂದ್ರಕ್ಕೂ ಸರಳ ಇಂಗ್ಲಿಷಿನ ಕತೆ ಪುಸ್ತಕಗಳು. ಪಠ್ಯದ ಮಟ್ಟಕ್ಕೆ ಏರಲು ಅದಕ್ಕಿಂತ ಸುಲಭದ್ದನ್ನು ಬಹಳ ಓದಬೇಕು.

ಪ್ರಶ್ನಾವಳಿ

ಹತ್ತು ಪ್ರಶ್ನೆ ಸಾಕು, ಒಂದೇ ಹಾಳೆ, ಕನ್ನಡದಲ್ಲಿ. ಇಂಗ್ಲಿಷಿನಲ್ಲಿ ಕೇಳಿದರೆ ಇಂಗ್ಲಿಷ್ ಬಾರದವರ ಉತ್ತರವೇ ತಪ್ಪಿಹೋಗುತ್ತದೆ, ಬೇಕಾದದ್ದು ಅವರದೇ. ಗೂಗಲ್ ಫಾರ್ಮ್ ಬೇಡ. ಫೋನು ಅಪ್ಪನ ಜೊತೆ ದೋಣಿಗೆ ಹೋಗಿರುತ್ತದೆ, ಘಟ್ಟದ ಒಳ ಊರುಗಳಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಕಾಗದದ ಹಾಳೆ, ಹೆಸರಿಲ್ಲದೆ, ಮುಚ್ಚಿದ ಡಬ್ಬಿಗೆ. ನೂರಿನ್ನೂರು ಮಕ್ಕಳ ಶಾಲೆಯಲ್ಲಿ ಮಾದರಿ ಆಯ್ಕೆಯ ಗೋಜಿಗೆ ಹೋಗದೆ ಎಲ್ಲರನ್ನೂ ಕೇಳಿಬಿಡಿ.

ಪ್ರಶ್ನೆ ಉತ್ತರವನ್ನು ಬಾಯಿಗೆ ಇಡಬಾರದು. "ಇಂಗ್ಲಿಷ್ ಮಾಧ್ಯಮ ಬೇಕಲ್ಲವೇ?" ಎಂದರೆ ಎಲ್ಲರೂ ಹೌದು ಎನ್ನುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಅದರ ಬದಲು ಹೀಗೆ ಕೇಳಿ: "ವಿಜ್ಞಾನ ಪಾಠ ನಿನಗೆ ಯಾವ ಮಾತಿನಲ್ಲಿ ಹೇಳಿದರೆ ಚೆನ್ನಾಗಿ ಅರ್ಥವಾಗುತ್ತದೆ?" "ಕಳೆದ ವಾರ ಶಾಲೆಯ ಹೊರಗೆ ಇಂಗ್ಲಿಷ್ ಓದುವ, ಕೇಳುವ, ಮಾತಾಡುವ ಪ್ರಸಂಗ ಬಂತೇ, ಎಲ್ಲಿ?" "ಮನೆಯಲ್ಲಿ ಅಜ್ಜಿಯ ಜೊತೆ ಯಾವ ಮಾತು ಆಡುತ್ತೀ?" ಕೊನೆಯ ಪ್ರಶ್ನೆ ಮುಖ್ಯ. "ಮಾತೃಭಾಷೆ ಯಾವುದು" ಎಂದು ಕೇಳಿದರೆ ದಾಖಲಾತಿಯಲ್ಲಿ ಇದ್ದದ್ದನ್ನೇ ಬರೆಯುತ್ತಾರೆ, ಅಜ್ಜಿಯ ಹೆಸರು ಹೇಳಿದರೆ ನಿಜವಾದ ಮನೆಮಾತು ಬರುತ್ತದೆ. ಉಳಿದವು: ತರಗತಿಯಲ್ಲಿ ತಪ್ಪು ಮಾತಾಡಿದರೆ ಏನಾಗುತ್ತದೆ, ಗೈಡು ಎಷ್ಟು ಬಳಸುತ್ತೀ, ಇಂಗ್ಲಿಷ್ ಯಾವುದಕ್ಕೆ ಬೇಕು, ಒಂದೇ ಒಂದು ಬದಲಾವಣೆ ಮಾಡುವುದಾದರೆ ಯಾವುದು. ಗೋವಾಕ್ಕೆ ದುಡಿಯಲು ಹೋಗುವ ಮನೆಗಳು ಹೆಚ್ಚಿರುವ ಕಾರವಾರದಲ್ಲೂ, ಪ್ರವಾಸಿಗರು ಬರುವ ಗೋಕರ್ಣದಲ್ಲೂ, ಕೃಷಿಯೇ ಮುಖ್ಯವಾದ ಸಿದ್ದಾಪುರದಲ್ಲೂ "ಯಾವುದಕ್ಕೆ" ಎಂಬುದರ ಉತ್ತರ ಒಂದೇ ಇರಬೇಕಿಲ್ಲ. ಒಂದೇ ಪಠ್ಯ ಎಲ್ಲರಿಗೂ ಸಾಕೇ ಎಂಬ ಪ್ರಶ್ನೆ ಅಲ್ಲಿಂದ ಏಳುತ್ತದೆ.

ಬಂದ ಉತ್ತರವನ್ನೆಲ್ಲ ಒಂದೇ ಪುಟಕ್ಕೆ ಇಳಿಸಿ: ಮೇಲೆ ನಿಮಿಷದ ಲೆಕ್ಕ, ನಡುವೆ ನೂರು ಪದದ ಫಲಿತಾಂಶ, ಕೆಳಗೆ ಪ್ರಶ್ನಾವಳಿಯ ಮೂರು ಮುಖ್ಯ ಅಂಶ, ಕೊನೆಗೆ ಬೇಡಿಕೆ. ಶೇಕಡಾ ಬರೆದಾಗ ಪಕ್ಕದಲ್ಲಿ ಸಂಖ್ಯೆಯನ್ನೂ ಬರೆಯಿರಿ, "118ರಲ್ಲಿ 71 ಮಂದಿ" ಎಂಬಂತೆ. ಶಿಕ್ಷಕರ ಹೆಸರು ಎಲ್ಲೂ ಬರಕೂಡದು.

ಸಭೆಗೆ ಒಯ್ಯುವುದು

ಮೊದಲು ಎಸ್‌ಡಿಎಂಸಿ. ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಂ ಪ್ರಕಾರ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಹಾಗಾಗಿ ಪಾಲಕರು ಬರುವ ಹೊತ್ತು ನೋಡಿ ಸಭೆ ಇಡಿಸಿಕೊಳ್ಳಿ. ಕರಾವಳಿಯಲ್ಲಿ ಬೆಳಿಗ್ಗೆ ಮೀನು ಮಾರಲು ಹೋಗುವ ತಾಯಂದಿರು ಹನ್ನೊಂದಕ್ಕೆ ಬರಲಾರರು. ಮಧ್ಯಾಹ್ನ ಮೂರಕ್ಕೆ ಬಂದಾರು. ಯಾಂತ್ರೀಕೃತ ಮೀನುಗಾರಿಕೆ ನಿಷೇಧವಿರುವ ಜೂನ್, ಜುಲೈಯಲ್ಲಿ ತಂದೆಯಂದಿರು ಊರಲ್ಲಿರುತ್ತಾರೆ, ವಿಷಯ ತಿಳಿಸಿ ಒಪ್ಪಿಗೆ ಪಡೆಯಲು ಅದು ಸರಿಯಾದ ಕಾಲ. ಶಿರಸಿ, ಸಿದ್ದಾಪುರದಲ್ಲಿ ಅಡಿಕೆಯ ಕೊನೆಕೊಯ್ಲು ಶುರುವಾದರೆ ಯಾರೂ ಸಿಗುವುದಿಲ್ಲ, ಅದಕ್ಕೂ ಮೊದಲೇ ಮುಗಿಸಿ.

ಇಬ್ಬರು ಮಾತಾಡಲಿ, ಐದು ನಿಮಿಷ. ಬೇಡಿಕೆ ಎರಡಕ್ಕಿಂತ ಹೆಚ್ಚು ಬೇಡ. ಎಲ್ಲರೂ ಚಪ್ಪಾಳೆ ತಟ್ಟಿ ಕಳಿಸಿದರೆ ಅಷ್ಟಕ್ಕೆ ತೃಪ್ತರಾಗಬೇಡಿ. ನಡಾವಳಿ ಪುಸ್ತಕದಲ್ಲಿ ನಿರ್ಣಯ ಬರೆಸಿ, ಅದರ ಪ್ರತಿ ಪಡೆಯಿರಿ. ನಡಾವಳಿಯಲ್ಲಿ ಇಲ್ಲದ ಮಾತನ್ನು ಮುಂದಿನ ಸಭೆಯಲ್ಲಿ ಯಾರೂ ಕೇಳುವುದಿಲ್ಲ.

ನವೆಂಬರಿನಿಂದ ಜನವರಿಯೊಳಗೆ ಪಂಚಾಯತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಅಲ್ಲಿ ಸಾಮಾನ್ಯವಾಗಿ ಶೌಚಾಲಯ, ಕಾಂಪೌಂಡು, ಬಸ್ಸಿನ ವಿಷಯ ಬರುತ್ತದೆ. ಇಂಗ್ಲಿಷ್ ಪುಸ್ತಕಗಳ ಬೇಡಿಕೆ ಇಟ್ಟವರು ಕಡಿಮೆ. ಆದರೆ ಗ್ರಂಥಾಲಯ ಪಂಚಾಯತಿಯದೇ ಆದ್ದರಿಂದ ಅಲ್ಲಿ ಈ ಬೇಡಿಕೆಗೆ "ನಮ್ಮ ವ್ಯಾಪ್ತಿಯಲ್ಲಿಲ್ಲ" ಎನ್ನಲು ಬರುವುದಿಲ್ಲ.

ಬಿಇಒ ಅವರಿಗೆ ಬರೆಯುವ ಪತ್ರ ಹೀಗಿದ್ದರೆ ಸಾಕು:

"ಇವರಿಗೆ, ಮಾನ್ಯ ಕ್ಷೇತ್ರ ಶಿಕ್ಷಣಾಧಿಕಾರಿಗಳು. ಮುಖಾಂತರ: ಮುಖ್ಯಾಧ್ಯಾಪಕರು. ವಿಷಯ: ನಮ್ಮ ಪ್ರೌಢಶಾಲೆಗೆ ಇಂಗ್ಲಿಷ್ ಶಿಕ್ಷಕರ ನಿಯೋಜನೆ ಕುರಿತು. ಮಾನ್ಯರೇ, ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಶಿಕ್ಷಕರ ಹುದ್ದೆ ಈ ಸಾಲಿನಲ್ಲಿ ಖಾಲಿ ಇದೆ. ಬೇರೆ ವಿಷಯದ ಶಿಕ್ಷಕರು ಪಾಠ ಮಾಡುತ್ತಿದ್ದಾರೆ, ಅವರಿಗೆ ನಾವು ಕೃತಜ್ಞರು. ವಿದ್ಯಾರ್ಥಿಗಳು ಮಾಡಿದ ಲೆಕ್ಕದ ಒಂದು ಪುಟ ಮತ್ತು ಎಸ್‌ಡಿಎಂಸಿ ನಿರ್ಣಯದ ಪ್ರತಿ ಲಗತ್ತಿಸಿದೆ. ವಾರಕ್ಕೆ ಮೂರು ದಿನವಾದರೂ ಹತ್ತಿರದ ಶಾಲೆಯಿಂದ ಶಿಕ್ಷಕರನ್ನು ನಿಯೋಜಿಸಬೇಕಾಗಿ ವಿನಂತಿ."

ಎರಡು ಪ್ರತಿ ಒಯ್ಯಿರಿ. ಟಪಾಲು ವಿಭಾಗದಲ್ಲಿ ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸೀಲು, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಆಮೇಲೆ ವಿಚಾರಿಸುವಾಗ "ನಮ್ಮ ಅರ್ಜಿ ಏನಾಯ್ತು" ಎನ್ನದೆ ಆ ನಂಬರು ಹೇಳಿ.

ಹುದ್ದೆ ಎಷ್ಟು ಮಂಜೂರಾಗಿವೆ, ಎಷ್ಟು ಖಾಲಿ ಎಂಬ ಮಾಹಿತಿ ಕೇಳಿದರೂ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಕೊಡಬಹುದು. ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಮಿತಿ. ಹಲವರು ಎಲ್ಲವನ್ನೂ ಒಂದರಲ್ಲೇ ತುರುಕಿ ತಿರಸ್ಕಾರ ತರಿಸಿಕೊಳ್ಳುತ್ತಾರೆ. ಹೈಸ್ಕೂಲಿನವರಾದರೆ ಪಾಲಕರ ಹೆಸರಿನಲ್ಲಿ ಹಾಕುವುದು ವಾಸಿ.

ಮಾಧ್ಯಮದ ಪ್ರಶ್ನೆ ಬಂದಾಗ

ಬಂದೇ ಬರುತ್ತದೆ. ಇಂಗ್ಲಿಷ್ ಚೆನ್ನಾಗಿ ಕಲಿಸುವುದು ಒಂದು, ಎಲ್ಲ ವಿಷಯವನ್ನೂ ಇಂಗ್ಲಿಷಿನಲ್ಲಿ ಕಲಿಸುವುದು ಇನ್ನೊಂದು. ಇವೆರಡನ್ನು ಬೆರೆಸಿದ ಮನವಿಯಿಂದ ಮಕ್ಕಳಿಗೇ ನಷ್ಟ. ಇಂಗ್ಲಿಷಿನಲ್ಲಿ ಪಾಠ ಮಾಡಲು ತರಬೇತಾದ ಗಣಿತ, ವಿಜ್ಞಾನ ಶಿಕ್ಷಕರಿಲ್ಲದ ಶಾಲೆಯಲ್ಲಿ ಮಾಧ್ಯಮದ ಬೋರ್ಡು ಬದಲಿಸಿದರೆ ಗಣಿತವೂ ಹೋಯಿತು, ಇಂಗ್ಲಿಷೂ ಬರಲಿಲ್ಲ. ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟಿನಲ್ಲಿ ಕೊಟ್ಟ ವರದಿ ಐದನೇ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷೆಯ ಮಾಧ್ಯಮವನ್ನೂ ಎರಡು ಭಾಷೆಗಳ ಸೂತ್ರವನ್ನೂ ಶಿಫಾರಸು ಮಾಡಿದೆ. ಇದರ ಬಗ್ಗೆ ಅಭಿಪ್ರಾಯ ಬರೆಯುವ ವಿದ್ಯಾರ್ಥಿಗಳು ತಮ್ಮ ಊರಿನ ಮನೆಮಾತುಗಳ ಲೆಕ್ಕವನ್ನು ಜೊತೆಗಿಡಲಿ. ಕೊಂಕಣಿ ಮನೆಯ ಮಗುವಿಗೆ ಎರಡು ಭಾಷೆ ಎಂದರೆ ಯಾವೆರಡು ಎಂಬುದನ್ನು ಕಾರವಾರದವರಲ್ಲದೆ ಮತ್ತ್ಯಾರು ಕೇಳಬೇಕು?

ಪದವಿ ವಿದ್ಯಾರ್ಥಿಗಳ ದಾರಿ ಬೇರೆ. ಈ ಜಿಲ್ಲೆಯ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ, ಇಂಗ್ಲಿಷ್ ಪಠ್ಯಕ್ರಮ ಅಲ್ಲಿನ ಅಧ್ಯಯನ ಮಂಡಳಿಯದು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಮಾನ್ಯತೆಗಾಗಿ ಕಾಲೇಜು ಪಠ್ಯಕ್ರಮದ ಬಗ್ಗೆ ವಿದ್ಯಾರ್ಥಿಗಳಿಂದ ಅಭಿಪ್ರಾಯ ಪಡೆಯುತ್ತದೆ, ಅದರ ಮೇಲೆ ಕೈಗೊಂಡ ಕ್ರಮವನ್ನೂ ದಾಖಲಿಸಬೇಕು. ಆ ಕ್ರಮದ ವರದಿಯನ್ನು ಕೇಳಿ ಓದಿ. ಆಂತರಿಕ ಗುಣಮಟ್ಟ ಖಾತ್ರಿ ಕೋಶದಲ್ಲಿ ವಿದ್ಯಾರ್ಥಿ ಪ್ರತಿನಿಧಿಯೂ ಇರಬೇಕು. ನಿಮ್ಮ ಕಾಲೇಜಿನಲ್ಲಿ ಅದು ಯಾರೆಂದು ವಿಚಾರಿಸಿ.

ಕಡತ

ಜನವರಿ ಕೊನೆಯಲ್ಲಿ ನಿಮಿಷದ ಲೆಕ್ಕವನ್ನು ಅದೇ ತರಗತಿಯಲ್ಲಿ ಇನ್ನೊಂದು ವಾರ ಮಾಡಿ. ತಲಾ ಹತ್ತು ಸೆಕೆಂಡು ಇದ್ದದ್ದು ಒಂದು ನಿಮಿಷವಾಗಿದ್ದರೂ ಅದನ್ನು ಬರೆದು ಮುಖ್ಯಾಧ್ಯಾಪಕರಿಗೂ ಬಿಇಒ ಅವರಿಗೂ ಕೊಡಿ. ಮಾಡಿದ ಕೆಲಸದ ಫಲ ಕಂಡ ಅಧಿಕಾರಿ ಮುಂದಿನ ಬೇಡಿಕೆಯನ್ನು ಕಿವಿಗೊಟ್ಟು ಕೇಳುತ್ತಾರೆ. ಏನೂ ಬದಲಾಗದಿದ್ದರೆ ಅದನ್ನೂ ಬರೆಯಿರಿ, ನಿರ್ಣಯದ ದಿನಾಂಕ ಪಕ್ಕದಲ್ಲಿಟ್ಟು. ಎರಡೂ ವಾರದ ಹಾಳೆಗಳು, ಪದಪಟ್ಟಿ, ಪ್ರಶ್ನಾವಳಿಯ ಖಾಲಿ ಪ್ರತಿ, ನಿರ್ಣಯದ ನಕಲು, ಸೀಲಿನ ಪತ್ರ ಎಲ್ಲವನ್ನೂ ಒಂದು ಫೈಲಿನಲ್ಲಿ ಹಾಕಿ ಏಪ್ರಿಲ್ ರಜೆಗೆ ಮೊದಲು ಎಂಟನೇ ತರಗತಿಯ ಆ ಇಬ್ಬರ ಕೈಗೆ ಕೊಡಿ, ಒಂದು ಪ್ರತಿ ಶಾಲೆಯ ಕಪಾಟಿನಲ್ಲಿರಲಿ. ಜೂನಿನಲ್ಲಿ ಅವರು ಒಂಬತ್ತಕ್ಕೆ ಬಂದಾಗ ಪ್ರಶ್ನಾವಳಿಯನ್ನು ಹೊಸದಾಗಿ ಬರೆಯುತ್ತ ಕೂರಬೇಕಿಲ್ಲ, ನೇರ ಪಾಲಕರ ಒಪ್ಪಿಗೆಗೆ ಹೋಗಬಹುದು.